ಸುಮಾರು ಹದಿನೇಳು ಸಾವಿರದ ಮುನ್ನೂರ ನಲವತ್ತು

ಕಳೆದ ತಿಂಗಳು ಬೆಂಗಳೂರಿನ ಮನೆ ಖಾಲಿ ಮಾಡಿ ದಾವಣಗೆರೆಗೆ ಬಂದೆವು. 260 ಕಿಲೋಮೀಟರ್ ಆಸುಪಾಸಿನ ದಾರಿ. ಸಾಮಾನು ಸಾಗಿಸಿದ ಪ್ಯಾಕರ್ಸ್‌ನವರ ಹೆಸರು ಬರೆಯುವುದಿಲ್ಲ. ನನ್ನ ಜಗಳ ಇರುವುದು ಅವರ ಕೊಟೇಶನ್‌ನಲ್ಲಿದ್ದ ಒಂದು ಪದದ ಜೊತೆ.

ವಾಟ್ಸಾಪ್‌ನಲ್ಲಿ ಕಳಿಸಿದ ಹಾಳೆಯಲ್ಲಿ 'ಅಪ್ರಾಕ್ಸ್ 17,340' ಅಂತಿತ್ತು. ಸಹಕಾರ ಸಂಘದಲ್ಲಿ 22 ವರ್ಷ ಲೆಕ್ಕ ಬರೆದವಳು ನಾನು. ಆಗಲೇ ಅನುಮಾನ ಬರಬೇಕಿತ್ತು. 'ಸುಮಾರು ಹದಿನೇಳು ಸಾವಿರದ ಮುನ್ನೂರ ನಲವತ್ತು ರೂಪಾಯಿ' ಅಂತ ಯಾರಾದರೂ ಮಾತಾಡ್ತಾರಾ? ಸುಮಾರು ಅಂದರೆ ಹದಿನೇಳು ಸಾವಿರ. ಇಲ್ಲಾ ಹದಿನೇಳು ಹದಿನೆಂಟು. ಕೊನೆಯ ನಲವತ್ತು ರೂಪಾಯಿವರೆಗೂ ಲೆಕ್ಕ ಹಾಕಿದ್ದರೆ ಅಪ್ರಾಕ್ಸ್ ಯಾಕೆ? ಹಾಕಿಲ್ಲದಿದ್ದರೆ ಆ ನಲವತ್ತು ಎಲ್ಲಿಂದ ಬಂತು?

'ಅಪ್ರಾಕ್ಸ್ ಎಂಟು ಗಂಟೆಗೆ ಬರ್ತೀವಿ ಮೇಡಂ' ಅಂದಿದ್ದರು. ಲಾರಿ ಬಂದಿದ್ದು ಹತ್ತೂಮುಕ್ಕಾಲಿಗೆ. ಆದರೆ ಜೊತೆಗೆ ಬಂದ ಮೂವರು ಹುಡುಗರ ಕೆಲಸ ನೋಡಬೇಕಿತ್ತು. ಅತ್ತೆಯ ಕಾಲದ ಉಪ್ಪಿನಕಾಯಿ ಜಾಡಿಯನ್ನು ಒಬ್ಬ ಬೆರಳಲ್ಲಿ ತಟ್ಟಿ ನೋಡಿದ. ಬಿರುಕಿಲ್ಲ ಅಂತ ಖಾತ್ರಿಯಾದ ಮೇಲೆ ಹಳೇ ಬೆಡ್‌ಶೀಟ್ ಸುತ್ತಿದ, ಅದರ ಮೇಲೆ ಬಬಲ್ ಶೀಟ್. ಡಬ್ಬದ ಮೇಲೆ 'ಅಜ್ಜಿ ಜಾಡಿ' ಅಂತ ಮಾರ್ಕರ್‌ನಲ್ಲಿ ಬರೆದ. ಒಂದು ಲೋಟ ಕೂಡ ಒಡೆಯಲಿಲ್ಲ.

ದಾವಣಗೆರೆಯಲ್ಲಿ ಬಿಲ್ಲು ಬಂತು. 22,600. ಹೆಚ್ಚುವರಿ ಡಬ್ಬ ಹದಿನಾಲ್ಕು, ತಲಾ 150ರಂತೆ 2,100. ಎರಡನೇ ಮಹಡಿಯ ಮೆಟ್ಟಿಲು 1,800. 'ಇತರೆ' 1,360. ಕೇಳಿದ್ದಕ್ಕೆ ಸೂಪರ್‌ವೈಸರ್ ಫೋನಲ್ಲಿ ತಣ್ಣಗೆ ಹೇಳಿದರು: 'ಅಪ್ರಾಕ್ಸ್ ಅಂತ ಹಾಕಿದೀವಲ್ಲ ಮೇಡಂ.'

ಸಿಟ್ಟಲ್ಲೇ ನಿಘಂಟು ತೆಗೆದೆ. ಅಪ್ರಾಕ್ಸಿಮೇಟ್‌ನ ಮೂಲ ಲ್ಯಾಟಿನ್ನಿನ 'ಪ್ರಾಕ್ಸಿಮಸ್', ತೀರಾ ಹತ್ತಿರದ್ದು ಅಂತ ಅರ್ಥ. ನೂರಕ್ಕೆ ಮೂವತ್ತು ಜಾಸ್ತಿ ಆಗೋದು ಯಾವ ಸೀಮೆಯ ಹತ್ತಿರ? ನಮ್ಮ 'ಸುಮಾರು' ಕೂಡ ಫಾರ್ಸಿಯ 'ಶುಮಾರ್'ನಿಂದ ಬಂದದ್ದು. ಅಲ್ಲಿ ಅದಕ್ಕೆ ಎಣಿಕೆ ಅಂತ ಅರ್ಥ! ಎಣಿಸೋ ಪದ ನಮ್ಮಲ್ಲಿಗೆ ಬಂದು ಎಣಿಸದೇ ಹೇಳೋ ಪದ ಆಯ್ತು.

ಬೇಳೆ ಪ್ಯಾಕೆಟ್ ಮೇಲೆ ಈ ಆಟ ನಡೆಯಲ್ಲ. ತೂಕದ ಜೊತೆ 'ಅಬೌಟ್', 'ಅಪ್ರಾಕ್ಸಿಮೇಟ್ಲಿ' ಅಂತ ಹಾಕುವಂತಿಲ್ಲ ಅಂತ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳಲ್ಲೇ ಇದೆ. ಸಾಬೂನಿನಂಥ ಕೆಲವು ವಸ್ತುಗಳಿಗೆ ಮಾತ್ರ 'ಪ್ಯಾಕ್ ಮಾಡಿದಾಗ ಇಷ್ಟು' ಅನ್ನಬಹುದು. ಆಮೇಲೆ ಒಣಗಿ ತೂಕ ಇಳಿಯುತ್ತೆ, ಅಲ್ವಾ. ನನ್ನ ಬಿಲ್ಲು ಮಾತ್ರ ದಾರಿಯಲ್ಲಿ ಊದಿಕೊಂಡಿತ್ತು.

ಅರ್ಧ ಗಂಟೆ ವಾದ ಮಾಡಿದ ಮೇಲೆ 'ಇತರೆ' ಬಿಟ್ಟರು. ಏನು ಇತರೆ ಅಂತ ಹೇಳೋಕೆ ಅವರಿಗೇ ಬರಲಿಲ್ಲ.

ಹುಡುಗರಿಗೆ ಐದಕ್ಕೆ ಐದು. ಆಫೀಸಿಗೆ, ಮದುವೆ ಊಟ ಹೇಗಿತ್ತು ಅಂದಾಗ ಮುಖ ಸ್ವಲ್ಪ ಓರೆ ಮಾಡಿ ಹೇಳ್ತೀವಲ್ಲ, ಆ 'ಸುಮಾರು'. ನೀವು ಯಾರನ್ನೇ ಕರೆಸಿ, ಡಬ್ಬ, ಮೆಟ್ಟಿಲು ಎಲ್ಲ ಸೇರಿಸಿ 'ಇದಕ್ಕಿಂತ ಜಾಸ್ತಿ ಆಗಲ್ಲ' ಅಂತ ಒಂದು ಮೊತ್ತ ಬರೆಸಿಕೊಳ್ಳಿ. ಹೊರಡೋ ಮುಂಚೆ ಡಬ್ಬ ನೀವೇ ಎಣಿಸಿ. ನಾನು ಎಣಿಸಿರಲಿಲ್ಲ.