ಎರ್ಟಿಗಾ, ಕ್ಯಾರೆನ್ಸ್, ಕ್ರಿಸ್ಟಾ, ಹೈಕ್ರಾಸ್: ಕೊನೇ ಸಾಲಿನ ಸೀಟಿಂದ ಒಂದು ಹೋಲಿಕೆ

ಏಳು ಜನ ಕೂರೋ ಗಾಡಿ ಯಾವ್ದು ತಗೊಳ್ಳೋದು ಅಂತ ಕೇಳಿದ್ರೆ ಎಲ್ರೂ ಡ್ರೈವರ್ ಸೀಟಿಂದಾನೇ ಶುರು ಮಾಡ್ತಾರೆ. ಪಿಕಪ್ ಹೇಗೆ, ಗೇರ್ ಹೇಗೆ, ಸ್ಕ್ರೀನ್ ಎಷ್ಟು ದೊಡ್ಡದು, ಸನ್‌ರೂಫ್ ಇದ್ಯಾ ಇಲ್ವಾ. ನಾನು ಹಿಂದಿನಿಂದ ಶುರು ಮಾಡ್ತೀನಿ, ಯಾಕಂದ್ರೆ ಮನೆಮಂದಿ ಎಲ್ಲಾ ಸೇರಿ ಹೊರಟಾಗ ಮಕ್ಕಳ ಜೊತೆ ಕೊನೇ ಸಾಲಿಗೆ ನುಗ್ಗೋಳು ನಾನೇ, ಶಿರಾಡಿ ಚಾರ್ಮಾಡಿ ಎರಡೂ ಘಾಟಿ ಆ ಸೀಟಲ್ಲಿ ಕೂತು ಹತ್ತಿ ಇಳಿದಿದ್ದೀನಿ, ವಾಪಸ್ ಬರುವಾಗ ಸ್ಟೇರಿಂಗ್ ಹಿಡಿದು ಓಡಿಸಿದ್ದೂ ಇದೆ. ಏಳು ಸೀಟಿನ ಗಾಡಿಗೆ ದುಡ್ಡು ಕೊಡೋದೇ ಆ ಕೊನೇ ಎರಡು ಸೀಟಿಗೋಸ್ಕರ, ಅಲ್ಲಿ ಕೂತು ನೋಡದೇ ಗಾಡಿ ಬುಕ್ ಮಾಡ್ಬೇಡಿ ಅನ್ನೋದೇ ನನ್ನ ಒಟ್ಟು ಮಾತು.

ನಾವಿರೋದು ಹಾಸನದಲ್ಲಿ. ನಮ್ಮನೇದು ಮಾರುತಿ ಎರ್ಟಿಗಾ, ಪೆಟ್ರೋಲ್ ಮ್ಯಾನ್ಯುಯಲ್. ಭಾವನವ್ರ ಹತ್ರ ಟೊಯೋಟಾ ಇನ್ನೋವಾ ಕ್ರಿಸ್ಟಾ ಡೀಸೆಲ್ ಇದೆ, ನಮ್ಮಣ್ಣ ಕಿಯಾ ಕ್ಯಾರೆನ್ಸ್ ಡೀಸೆಲ್ ತಗೊಂಡಿದ್ದಾನೆ, ಬೆಂಗಳೂರಲ್ಲಿರೋ ಚಿಕ್ಕಪ್ಪನ ಮಗ ಇನ್ನೋವಾ ಹೈಕ್ರಾಸ್ ಹೈಬ್ರಿಡ್, ಅಂದ್ರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರೂ ಇರೋದು, ಇಟ್ಕೊಂಡಿದ್ದಾನೆ. ಮದುವೆ, ಗೃಹಪ್ರವೇಶ, ಧರ್ಮಸ್ಥಳ, ಕುಕ್ಕೆ, ಹೊರನಾಡು ಅಂತ ನಾಲ್ಕೂ ಗಾಡಿ ಒಬ್ಬರದ್ದು ಒಬ್ಬರು ತಗೊಂಡು ಓಡಾಡೋದು ನಮ್ಮಲ್ಲಿ ಮಾಮೂಲು, ಹಾಗಾಗಿ ಇದು ಶೋರೂಮಿನ ಹತ್ತು ನಿಮಿಷದ ಟೆಸ್ಟ್ ಡ್ರೈವ್ ಮಾತಲ್ಲ.

ಮೊದ್ಲು ಹತ್ತಿ ಕೂರೋದು. ನಮ್ಮತ್ತೆಗೆ ಮಂಡಿ ನೋವು, ಅವ್ರಿಗೆ ಕ್ರಿಸ್ಟಾ ಹತ್ತೋದಂದ್ರೆ ಪ್ರತೀ ಸಲ ಒಂದು ಕೆಲಸ. ಒಂದು ಕೈ ಬಾಗಿಲ ಪಕ್ಕದ ಹಿಡಿಕೆ ಮೇಲೆ, ಇನ್ನೊಂದು ಕೈ ನನ್ನ ಭುಜದ ಮೇಲೆ, ಒಳ್ಳೇ ಕಾಲು ಮೊದ್ಲು ಇಟ್ಟು, ಸೊಂಟ ಎತ್ತಿ, ಆಮೇಲೆ ನೋವಿರೋ ಕಾಲನ್ನ ಕೈಯಲ್ಲೇ ಎತ್ತಿ ಒಳಗೆ ಇಟ್ಕೋತಾರೆ. ಕ್ರಿಸ್ಟಾ ಲ್ಯಾಡರ್ ಫ್ರೇಮ್ ಗಾಡಿ, ಅಂದ್ರೆ ಲಾರಿಗಿರೋ ತರ ಕೆಳಗೆ ಬೇರೆ ಚಾಸಿ, ಅದ್ರ ಮೇಲೆ ಬಾಡಿ, ಅದಕ್ಕೇ ನೆಲ ಎತ್ತರ. ಹೈಕ್ರಾಸಲ್ಲಿ ಆ ಚಾಸಿ ಇಲ್ಲ, ಮೋನೋಕಾಕ್, ಅಂದ್ರೆ ಬಾಡಿ ಚಾಸಿ ಎರಡೂ ಸೇರಿ ಒಂದೇ, ಮುಂದಿನ ಚಕ್ರಕ್ಕೇ ಪವರ್ ಹೋಗೋದು, ಹಾಗಾಗಿ ನೆಲ ತಗ್ಗಲ್ಲಿದೆ, ಅತ್ತೆ ಯಾರನ್ನೂ ಹಿಡ್ಕೊಳ್ಳದೇ ಹತ್ತಿ ಕೂರ್ತಾರೆ. ಎರ್ಟಿಗಾ, ಕ್ಯಾರೆನ್ಸ್ ಎರಡೂ ಇದೇ ತರ ಸಲೀಸು. ಮನೇಲಿ ವಯಸ್ಸಾದವ್ರು ಇದ್ರೆ ಈ ಒಂದು ವಿಷ್ಯಕ್ಕೇ ಅರ್ಧ ತೀರ್ಮಾನ ಆಗ್ಬಿಡುತ್ತೆ.

ಕೊನೇ ಸಾಲಿಗೆ ಹೋಗೋದ್ರಲ್ಲಿ ಕ್ಯಾರೆನ್ಸ್ ಮುಂದು. ಮಧ್ಯದ ಸೀಟಲ್ಲಿ ಒಂದು ಬಟನ್ ಇದೆ, ಒತ್ತಿದ್ರೆ ಸೀಟು ತಾನಾಗೇ ಮಡಚ್ಕೊಂಡು ಮುಂದಕ್ಕೆ ಬೀಳುತ್ತೆ, ನಮ್ಮ ಚಿಕ್ಕವಳೂ ಮಾಡ್ತಾಳೆ. ಎರ್ಟಿಗಾದಲ್ಲಿ ಮಧ್ಯದ ಸೀಟು ಜರುಗುತ್ತೆ ಅಷ್ಟೇ, ಆ ಸಂದಿಯಲ್ಲಿ ಸೀರೆ ಉಟ್ಕೊಂಡು ನುಸುಳೋದು ಕಷ್ಟ, ಅದನ್ನ ಉಟ್ಟು ನುಸುಳಿದವ್ರಿಗೇ ಗೊತ್ತು. ಕ್ರಿಸ್ಟಾ ಸೀಟು ಮಡಚಿ ಮೇಲೆತ್ತಬೇಕು, ಅದು ಭಾರ.

ಕೂತ್ಮೇಲೆ ಹೇಗೆ ಅಂದ್ರೆ ಜಾಗದಲ್ಲಿ ಹೈಕ್ರಾಸ್ ಮಿಕ್ಕ ಮೂರನ್ನೂ ಮೀರಿಸುತ್ತೆ. ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರದ ನಡುವಿನ ದೂರ, 2850 ಮಿಲಿಮೀಟರ್, ಕ್ರಿಸ್ಟಾಗಿಂತ 100 ಮಿ.ಮೀ. ಜಾಸ್ತಿ, ಆ ಹೆಚ್ಚುವರಿ ಜಾಗ ಎಲ್ಲಿಗೆ ಹೋಯ್ತು ಅಂತ ಹಿಂದೆ ಕೂತ ಕೂಡ್ಲೇ ಗೊತ್ತಾಗುತ್ತೆ. ಕ್ಯಾರೆನ್ಸ್ 2780, ಎರ್ಟಿಗಾ 2740. ಕ್ಯಾರೆನ್ಸಲ್ಲಿ ದೊಡ್ಡವ್ರು ಎರಡು ಮೂರು ಗಂಟೆ ಆರಾಮಾಗಿ ಕೂರಬಹುದು, ಮೇಲಿಂದ ಎಸಿ ಗಾಳಿ ಹಿಂದಿನವರೆಗೂ ಬರುತ್ತೆ, ಚಾರ್ಜಿಂಗ್ ಪಾಯಿಂಟೂ ಇದೆ. ಎರ್ಟಿಗಾದಲ್ಲಿ ಮಧ್ಯದ ಸಾಲಿನವ್ರು ಸ್ವಲ್ಪ ಮುಂದಕ್ಕೆ ಜರುಗಿಸಿಕೊಟ್ರೆ ಪರವಾಗಿಲ್ಲ, ಇಲ್ಲಾಂದ್ರೆ ಮಂಡಿ ಮುಂದಿನ ಸೀಟಿಗೆ ಒತ್ತುತ್ತೆ, ಆದ್ರೆ ಹಿಂದಿನ ಗಾಜು ದೊಡ್ಡದು, ಹೊರಗೆ ಕಾಣುತ್ತೆ, ವಾಂತಿ ಆಗೋ ಮಕ್ಕಳಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ತಾಯಂದ್ರಿಗೆ ಹೇಳ್ಬೇಕಾಗಿಲ್ಲ. ಕ್ರಿಸ್ಟಾ ಕೊನೇ ಸಾಲು ಹೊರಗಿಂದ ನೋಡಿ ಅಂದ್ಕೊಂಡಷ್ಟು ಏನಿಲ್ಲ, ತೊಡೆಗೆ ಆಸರೆ ಕಮ್ಮಿ.

ಆದ್ರೆ ಸಕಲೇಶಪುರ ದಾಟಿ ಗುಂಡಿ ಶುರುವಾದ್ಮೇಲೆ ಲೆಕ್ಕ ಬದಲಾಗುತ್ತೆ. ಕ್ರಿಸ್ಟಾ ಗುಂಡಿಗೆ ಸೊಪ್ಪು ಹಾಕಲ್ಲ. ಸಸ್ಪೆನ್ಷನ್ ಮುಂದೆ ಡಬಲ್ ವಿಶ್‌ಬೋನ್, ಹಿಂದೆ ಫೋರ್ ಲಿಂಕ್ ಕಾಯಿಲ್ ಸ್ಪ್ರಿಂಗ್, ಏಳು ಜನ, ಎರಡು ಮೂಟೆ ಅಕ್ಕಿ, ಊರಿನ ತೆಂಗಿನಕಾಯಿ ಎಲ್ಲಾ ಹೇರಿದ್ರೆ ಇನ್ನೂ ಚೆನ್ನಾಗಿ ಕೂತ್ಕೊಂಡು ಹೋಗುತ್ತೆ. ಖಾಲಿ ಇದ್ರೆ ಹಿಂದೆ ಕೂತವ್ರನ್ನ ಎತ್ತಿ ಹಾಕುತ್ತೆ, ತಿರುವಲ್ಲಿ ಬಾಡಿ ಎರಡೂ ಕಡೆ ವಾಲುತ್ತೆ, ಆ ವಾಲಾಟಕ್ಕೇ ಮಕ್ಕಳಿಗೆ ಹೊಟ್ಟೆ ತೊಳಸೋದು. ಹೈಕ್ರಾಸ್ ವಾಲಲ್ಲ, ಚಾರ್ಮಾಡಿ ಪೂರ್ತಿ ಮಕ್ಕಳು ಮಲಗಿದ್ರು, ಆದ್ರೆ ದೊಡ್ಡ ಗುಂಡಿಗೆ ಬಿದ್ರೆ ಹಿಂದೆ ಒಂದು ಏಟು ಕೊಡುತ್ತೆ. ಕ್ಯಾರೆನ್ಸ್ ಸ್ವಲ್ಪ ಬಿಗಿ. ಎರ್ಟಿಗಾ ಹಗುರ ಗಾಡಿ, ನಾಲ್ಕು ಜನ ಇದ್ರೆ ಬಹಳ ಚೆನ್ನಾಗಿ ಹೋಗುತ್ತೆ, ಏಳು ಜನ ಆದ್ರೆ ಹಿಂದೆ ತಗ್ಗುತ್ತೆ, ನಮ್ಮೂರ ಹಂಪ್‌ಗಳ ಮೇಲೆ ಓರೆಯಾಗಿ ನಿಧಾನಕ್ಕೆ ಹತ್ತಿಸ್ಬೇಕು.

ಎಳೆತದ ಬಗ್ಗೆ ಜಾಸ್ತಿ ಹೇಳಲ್ಲ. ಎರ್ಟಿಗಾ 1.5 ಲೀಟರ್ ಪೆಟ್ರೋಲ್, ಪವರ್ 103 ಪಿಎಸ್, ಟಾರ್ಕ್ ಅಂದ್ರೆ ಎಳೆಯೋ ಬಲ 137 ಎನ್‌ಎಂ. ಕ್ಯಾರೆನ್ಸ್ ಡೀಸೆಲ್ 250, ಕ್ರಿಸ್ಟಾ 2.4 ಡೀಸೆಲ್ ಮ್ಯಾನ್ಯುಯಲ್ 343. ಶಿರಾಡೀಲಿ ಟ್ಯಾಂಕರ್ ಹಿಂದೆ ಸಿಕ್ಕಾಕೊಂಡ್ರೆ ಈ ನಂಬರಿನ ಅರ್ಥ ಗೊತ್ತಾಗುತ್ತೆ, ಎರ್ಟಿಗಾದಲ್ಲಿ ಸೆಕೆಂಡ್ ಗೇರಿಗೆ ಇಳಿಸಿ ಎಂಜಿನ್ ಕೂಗಿಸಿ ಜಾಗ ನೋಡ್ಕೊಂಡು ಹೋಗ್ಬೇಕು, ಕ್ರಿಸ್ಟಾದಲ್ಲಿ ಕಾಲಿಟ್ರೆ ಸಾಕು. ಹೈಬ್ರಿಡ್ ಶಬ್ದ ಮಾಡುತ್ತೆ, ಆದ್ರೂ ಎಳೆಯುತ್ತೆ.

ಈಗ ಬಾಳಿಕೆಗೆ ಬರೋಣ, ಎಲ್ರೂ ಕೇಳೋದು ಇದನ್ನೇ. ಇದಕ್ಕೆ ನಮ್ಮನೆ ನಾಲ್ಕು ಗಾಡಿ ಅನುಭವ ಸಾಲಲ್ಲ ಅಂತ ನನಗೂ ಗೊತ್ತು, ಅದಕ್ಕೇ ನಾನು ಎಲ್ಲಿ ಹೋದ್ರೂ ಹಳದಿ ಬೋರ್ಡ್ ಡ್ರೈವರ್‌ಗಳನ್ನ ಮಾತಾಡಿಸ್ತೀನಿ. ನಾವು ವರ್ಷಗಟ್ಟಲೆ ಓಡಿಸೋದನ್ನ ಅವ್ರು ಕೆಲವೇ ತಿಂಗಳಲ್ಲಿ ಓಡಿಸಿರ್ತಾರೆ, ಗಾಡಿ ನಿಂತ್ರೆ ಅವತ್ತಿನ ಊಟಕ್ಕೇ ಕುತ್ತು, ಅವ್ರು ದುಡ್ಡು ಸುರಿದು ಮತ್ತೆ ಮತ್ತೆ ತಗೊಳ್ಳೋ ಗಾಡಿ ಅಂದ್ರೆ ಅದ್ರಲ್ಲಿ ಏನೋ ಇದೆ. ಬೆಂಗಳೂರು ಏರ್‌ಪೋರ್ಟಲ್ಲಿ ನಿಂತು ನೋಡಿ, ಇನ್ನೋವಾ ಮತ್ತೆ ಎರ್ಟಿಗಾ, ಇವೆರಡೇ ಕಣ್ಣಿಗೆ ಜಾಸ್ತಿ ಬೀಳೋದು. ಕ್ರಿಸ್ಟಾ ಡ್ರೈವರ್‌ಗಳು ಹೇಳೋದು ಒಂದೇ, ಆಯಿಲ್ ಕಾಲಕಾಲಕ್ಕೆ ಬದಲಾಯಿಸಿದ್ರೆ ಎಂಜಿನ್ ಬಿಚ್ಚೋ ಮಾತೇ ಬರಲ್ಲ, ಹೋಗೋದೆಲ್ಲ ಬುಷ್, ಶಾಕ್ಸ್, ಕ್ಲಚ್, ಬ್ರೇಕ್, ಅಂದ್ರೆ ಸವೆಯೋ ಸಾಮಾನು. ಟೊಯೋಟಾ ಬಿಡದಿಯಿಂದ 2000ದಲ್ಲಿ ಕ್ವಾಲಿಸ್ ಬಿಟ್ಟಾಗಿಂದ, ಆಮೇಲೆ 2005ರ ಇನ್ನೋವಾ, 2016ರ ಕ್ರಿಸ್ಟಾ, ಜನ ಅದನ್ನ ನಂಬಿರೋದು ಜಾಹೀರಾತು ನೋಡಿ ಅಲ್ಲ, ಓಡಿದ ಗಾಡಿ ನೋಡಿ.

ಎರ್ಟಿಗಾದ ಬಾಳಿಕೆ ಬೇರೆ ತರದ್ದು. ಗಾಡಿ ಕಲ್ಲುಗುಂಡು ಅಂತ ನಾನು ಹೇಳಲ್ಲ, ಆದ್ರೆ ಎಂಜಿನ್ ಸರಳ, ಟರ್ಬೋ ಇಲ್ಲ, ಡೀಸೆಲ್ ತರ ಡಿಪಿಎಫ್ ಅನ್ನೋ ಮಸಿ ಫಿಲ್ಟರ್ ಇಲ್ಲ, ಕೆಟ್ರೆ ಅರಕಲಗೂಡಲ್ಲೂ ಮೆಕ್ಯಾನಿಕ್ ಕೈ ಹಾಕ್ತಾನೆ, ಸಾಮಾನು ಅವತ್ತೇ ಇಲ್ಲಾ ಮಾರನೇ ದಿನ ಸಿಗುತ್ತೆ, ಬಿಲ್ ನೋಡಿ ಎದೆ ಒಡೆಯಲ್ಲ. ದೊಡ್ಡ ಊರಿಂದ ದೂರ ಇರೋರಿಗೆ ಇದೂ ಬಾಳಿಕೇನೇ. ಟೊಯೋಟಾ ರೂಮಿಯಾನ್ ಅಂತ ಮಾರೋದೂ ಇದೇ ಗಾಡಿ, ಸರ್ವಿಸ್ ಸೆಂಟರ್ ಯಾವುದು ನಿಮ್ಮ ಮನೆಗೆ ಹತ್ರ ಅಂತ ನೋಡಿ ಆರಿಸ್ಕೊಳ್ಳಿ.

ಡಿಪಿಎಫ್ ಅಂದ್ನಲ್ಲ, ಡೀಸೆಲ್ ತಗೊಳ್ಳೋರು ಇದನ್ನ ಸರಿಯಾಗಿ ತಿಳ್ಕೊಳ್ಳಿ. ಬಿಎಸ್6, ಅಂದ್ರೆ ಈಗಿನ ಹೊಗೆ ನಿಯಮದ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಅದು ತುಂಬಿದಾಗ ಗಾಡಿ ತಾನೇ ಬಿಸಿ ಏರಿಸಿ ಆ ಮಸೀನ ಸುಟ್ಟುಕೊಳ್ಳುತ್ತೆ, ಆದ್ರೆ ಅದಕ್ಕೆ ಸ್ವಲ್ಪ ಹೊತ್ತು ನಿಲ್ಲದೇ ಹೈವೇ ಸ್ಪೀಡಲ್ಲಿ ಓಡ್ಬೇಕು. ಬೆಳಿಗ್ಗೆ ಸ್ಕೂಲು, ಸಂಜೆ ತರಕಾರಿ, ವಾರಕ್ಕೊಂದ್ಸಲ ದೇವಸ್ಥಾನ ಅಂತ ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದ್ರೆ ಮಸಿ ಕಟ್ಕೊಳ್ತಾ ಹೋಗುತ್ತೆ, ಕೊನೆಗೆ ಲೈಟ್ ಬರುತ್ತೆ, ಅದನ್ನೂ ಕಡೆಗಣಿಸಿದ್ರೆ ಖರ್ಚು ದೊಡ್ಡದು. ಕಂಪನಿ ಯಾವ್ದಾದ್ರೂ ಇದು ಹೀಗೇ. ನಮ್ಮಣ್ಣ ವಾರಕ್ಕೆರಡು ಸಲ ಮಂಗಳೂರಿಗೆ ಹೋಗಿಬರೋನು, ಅವನಿಗೆ ಕ್ಯಾರೆನ್ಸ್ ಡೀಸೆಲ್ ಹೇಳಿ ಮಾಡಿಸಿದ ಹಾಗಿದೆ, ಮೈಲೇಜ್ ಹದಿನಾರು ಹದಿನೇಳು ಕೊಡುತ್ತೆ. ಊರೊಳಗೇ ಸುತ್ತೋರಿಗೆ ಖಂಡಿತಾ ಪೆಟ್ರೋಲೇ ಸರಿ. ಕ್ಯಾರೆನ್ಸ್ ಬಂದಿದ್ದೇ 2022ರಲ್ಲಿ, ಇನ್ನೋವಾಗೆ ಇರೋ ಹಾಗೆ ಹತ್ತು ಹದಿನೈದು ವರ್ಷದ ಸಾಕ್ಷಿ ಅದಕ್ಕೆ ಇಲ್ಲ, ಅದನ್ನ ಮನಸ್ಸಲ್ಲಿಟ್ಕೊಂಡೇ ತಗೋಬೇಕು.

ಹೈಬ್ರಿಡ್ ಅಂದ್ರೆ ಬ್ಯಾಟರಿ ಹೋದ್ರೆ ಗತಿ ಏನು ಅಂತ ನಮ್ಮ ಮಾವನೂ ಕೇಳಿದ್ರು. ಹೈಕ್ರಾಸ್ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ ಟೊಯೋಟಾ ಹೈಬ್ರಿಡ್‌ನಲ್ಲಿ ಕ್ಲಚ್ ಪ್ಲೇಟ್ ಇಲ್ಲ, ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಬ್ರೇಕ್ ಒತ್ತಿದಾಗ ಅರ್ಧ ಕೆಲಸ ಮೋಟರ್ರೇ ಮಾಡೋದ್ರಿಂದ ಪ್ಯಾಡ್ ಸವೆತ ಕಮ್ಮಿ. ಮಾಮೂಲಿ ಗಾಡೀಲಿ ಹೋಗೋ ಸಾಮಾನುಗಳಲ್ಲಿ ಎಷ್ಟೋ ಇದ್ರಲ್ಲಿ ಇಲ್ಲವೇ ಇಲ್ಲ. ಬೆಂಗಳೂರಿನ ಟ್ರಾಫಿಕ್ಕಲ್ಲೇ ಹದಿನೇಳರ ಮೇಲೆ ಮೈಲೇಜ್ ಬರೋದನ್ನ ಮೀಟರಲ್ಲಿ ನಾನೇ ನೋಡಿದೆ, ಅದೇ ರಸ್ತೇಲಿ ಕ್ರಿಸ್ಟಾ ಹತ್ತು ಹನ್ನೊಂದು. ಆದ್ರೆ ಇದಕ್ಕೆ ಕಂಪನಿ ಸರ್ವಿಸ್ಸೇ ಬೇಕು, ರಸ್ತೆಬದಿ ಗ್ಯಾರೇಜಿಗೆ ಬಿಡೋ ಗಾಡಿ ಅಲ್ಲ ಇದು.

ಸೇಫ್ಟಿ ವಿಷ್ಯದಲ್ಲಿ ನನಗೆ ನಿಜವಾಗ್ಲೂ ಬೇಜಾರಿದೆ. ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಗಾಡಿಗಳೇ ಕ್ರ್ಯಾಶ್ ಟೆಸ್ಟಲ್ಲಿ ಹಿಂದೆ ಬೀಳ್ತಾವೆ. ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆಯ ಟೆಸ್ಟಲ್ಲಿ ಎರ್ಟಿಗಾಗೆ 2019ರಲ್ಲಿ ಐದಕ್ಕೆ 3 ಸ್ಟಾರ್ ಬಂತು, ಆಫ್ರಿಕಾಗೆ ಕಳಿಸೋ ಎರ್ಟಿಗಾನ 2024ರಲ್ಲಿ ಇನ್ನೂ ಬಿಗಿಯಾದ ನಿಯಮದಲ್ಲಿ ಪರೀಕ್ಷಿಸಿದಾಗ 1 ಸ್ಟಾರ್. ಕ್ಯಾರೆನ್ಸ್‌ಗೆ ಎಲ್ಲಾ ಮಾಡೆಲ್‌ನಲ್ಲೂ 6 ಏರ್‌ಬ್ಯಾಗ್ ಇದ್ರೂ 2022ರಲ್ಲಿ ಸಿಕ್ಕಿದ್ದು 3 ಸ್ಟಾರೇ, ಬಾಡಿ ಗಟ್ಟಿ ಇಲ್ದಿದ್ರೆ ಬರೀ ಏರ್‌ಬ್ಯಾಗ್ ಎಣಿಸಿ ಪ್ರಯೋಜನ ಇಲ್ಲ. ಹೈಕ್ರಾಸ್ 2025ರಲ್ಲಿ ಭಾರತ್ ಎನ್‌ಕ್ಯಾಪ್ ಅನ್ನೋ ನಮ್ಮ ದೇಶದ ಕ್ರ್ಯಾಶ್ ಟೆಸ್ಟಲ್ಲಿ 5 ಸ್ಟಾರ್ ತಗೊಂಡಿದೆ. ದುಡ್ಡಿದ್ರೆ ಮಾತ್ರ ಸೇಫ್ಟಿ ಅನ್ನೋ ಪರಿಸ್ಥಿತಿ ಇದು, ಹೀಗಿರಬಾರದು.

ಒಳಗಿನ ಕ್ವಾಲಿಟಿ ಬಗ್ಗೆ ಎರಡೇ ಮಾತು. ಹೊಸದರಲ್ಲಿ ಕ್ಯಾರೆನ್ಸ್ ನೋಡೋಕೆ ಚೆಂದ, ಬಾಗಿಲು ಹಾಕಿದ ಸದ್ದು ಕ್ರಿಸ್ಟಾದ್ದೇ ಗಟ್ಟಿ, ಎರ್ಟಿಗಾದ ಪ್ಲಾಸ್ಟಿಕ್ ಸಾದಾ. ಮಕ್ಕಳಿರೋ ಮನೆಗೆ ತಿಳಿ ಬಣ್ಣದ ಸೀಟ್ ಬೇಡ, ಯಾವ ಗಾಡಿ ಆದ್ರೂ ಸರಿ. ಇನ್ನು ಏಳೂ ಸೀಟ್ ಬಳಸಿದ್ರೆ ಡಿಕ್ಕಿ ಜಾಗ ಎರ್ಟಿಗಾದಲ್ಲಿ 209 ಲೀಟರ್, ಕ್ಯಾರೆನ್ಸಲ್ಲಿ 216, ಹೈಕ್ರಾಸಲ್ಲಿ 300. ಎರ್ಟಿಗಾ ಸಿಎನ್‌ಜಿ ತಗೊಂಡ್ರೆ ಆ ಜಾಗಾನ ಸಿಲಿಂಡರ್ ತಿನ್ನುತ್ತೆ, ಏಳು ಜನ ಮತ್ತೆ ಬ್ಯಾಗು ಎರಡೂ ಬೇಕು ಅನ್ನೋರು ಕ್ಯಾರಿಯರ್ ಹಾಕಿಸ್ಲೇಬೇಕು.

ದುಡ್ಡಿನ ಲೆಕ್ಕ ಹಾಕುವಾಗ ಶೋರೂಮ್ ಬೆಲೆ ನೋಡಿ ಮೋಸ ಹೋಗ್ಬೇಡಿ, ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ 10 ಲಕ್ಷದಿಂದ 20 ಲಕ್ಷದ ಗಾಡಿಗೆ ಶೇ. 17, 20 ಲಕ್ಷ ದಾಟಿದ್ರೆ ಶೇ. 18, ಮೇಲಿಂದ ಸೆಸ್ ಬೇರೆ. ಹೈಕ್ರಾಸ್ ಹೈಬ್ರಿಡ್ ರಸ್ತೆಗೆ ಇಳಿಯೋಷ್ಟರಲ್ಲಿ ಎರಡು ಎರ್ಟಿಗಾ ದುಡ್ಡು ಆಗುತ್ತೆ.

ನನ್ನ ಆಯ್ಕೆ ಕೇಳಿದ್ರೆ, ಏಳು ಜನ ಓಡಾಡೋದು ಅಪರೂಪ, ಮಿಕ್ಕ ದಿನ ನಾಲ್ಕು ಜನ ಅನ್ನೋ ಮನೆಗೆ ಎರ್ಟಿಗಾ ಸಾಕು. ಆರೇಳು ಜನ ಆಗಾಗ ದೂರ ಹೋಗ್ತಾರೆ, ಬಜೆಟ್ ಇಪ್ಪತ್ತು ಲಕ್ಷದೊಳಗೆ ಅಂದ್ರೆ ಕ್ಯಾರೆನ್ಸ್. ವಯಸ್ಸಾದವ್ರಿದ್ದು ಕೈಲಿ ದುಡ್ಡೂ ಇದ್ರೆ ಕಣ್ಮುಚ್ಕೊಂಡು ಹೈಕ್ರಾಸ್ ಹೈಬ್ರಿಡ್. ಕಾಫಿ ತೋಟ, ಮಣ್ಣು ರಸ್ತೆ, ಹೊರೆ, ಹತ್ತು ಹದಿನೈದು ವರ್ಷ ಒಂದೇ ಗಾಡಿ ಅನ್ನೋರಿಗೆ ಇವತ್ತಿಗೂ ಕ್ರಿಸ್ಟಾನೇ.

ಹೊಸ ಕ್ರಿಸ್ಟಾ ಕೈಗೆಟುಕಲ್ಲ ಅಂತ ಸೆಕೆಂಡ್ ಹ್ಯಾಂಡ್ ಹುಡುಕೋರು ಬಹಳ ಜನ ಇದ್ದಾರೆ, ಅವ್ರು ಎರಡು ವಿಷ್ಯ ನೋಡ್ಲೇಬೇಕು. ಹಳದಿ ಬೋರ್ಡಲ್ಲಿ ಓಡಿ ಆಮೇಲೆ ಬಿಳಿ ಬೋರ್ಡಿಗೆ ಬದಲಾಯಿಸಿದ ಗಾಡಿಗಳು ಮಾರ್ಕೆಟಲ್ಲಿ ಸಾಕಷ್ಟಿವೆ, ಮೀಟರ್ ಕಿಲೋಮೀಟರ್ ನಂಬದೇ ಆರ್‌ಸಿ ಹಿಸ್ಟರಿ ಮತ್ತೆ ಕಂಪನಿ ಸರ್ವಿಸ್ ರೆಕಾರ್ಡ್ ತೆಗೆಸಿ, ಕ್ಲಚ್ ಪೆಡಲ್ ರಬ್ಬರು, ಸ್ಟೇರಿಂಗ್, ಡ್ರೈವರ್ ಸೀಟಿನ ಅಂಚು ಎಷ್ಟು ಸವೆದಿದೆ ನೋಡಿ, ಐವತ್ತು ಸಾವಿರ ಓಡಿದ ಗಾಡೀಲಿ ಪೆಡಲ್ ರಬ್ಬರ್ ನುಣ್ಣಗಾಗಿರಲ್ಲ. ಇನ್ನೊಂದು, ಉಡುಪಿ ಮಂಗಳೂರು ಕಡೆ ಇದ್ದ ಗಾಡಿ ಆದ್ರೆ ರ‍್ಯಾಂಪ್ ಮೇಲೆ ಹತ್ತಿಸಿ ಕೆಳಗಿನ ಚಾಸಿ ತುಕ್ಕು ಹಿಡಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿಸಿ, ಮೇಲೆ ಪಾಲಿಶ್ ಹೊಡೆದು ಥಳಥಳ ಅಂತಿದ್ರೂ ತುಕ್ಕು ಚಾಸಿ ತಿಂದಿದ್ರೆ ಆ ಗಾಡಿ ಎಷ್ಟು ಕಮ್ಮಿಗೆ ಕೊಟ್ರೂ ಬೇಡ.