ಏಳು ಪೆಡಲ್ ಇದ್ದ ಜಾಗಕ್ಕೆ ಒಂದು ಪ್ರೀಆಂಪ್: ಮೂರು ವರ್ಷ ನುಡಿಸಿದ ಮೇಲೆ

ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ನನ್ನ ಹಳೆಯ ಬೋರ್ಡ್ ಮೇಲೆ ಏಳು ಪೆಡಲ್ ಇದ್ದವು, ಅಂದರೆ ವಾದ್ಯದ ಸದ್ದನ್ನು ಬದಲಿಸಲು ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಗಳು. ಶ್ರುತಿ ನೋಡಲು ಟ್ಯೂನರ್, ಜೋರು-ಮೆಲ್ಲಗಿನ ಅಂತರ ಕಡಿಮೆ ಮಾಡುವ ಕಂಪ್ರೆಸರ್, ಸ್ವರಕ್ಕೆ ಇನ್ನೊಂದು ಸ್ಥಾಯಿ ಸೇರಿಸುವ ಆಕ್ಟೇವ್, ಸದ್ದನ್ನು ಕರಕರ ಮಾಡುವ ಓವರ್‌ಡ್ರೈವ್, ಕೆಳಗಿನ-ಮೇಲಿನ ಸ್ವರಗಳನ್ನು ಏರಿಸಿ ಇಳಿಸುವ ಈಕ್ಯೂ, ಬೇಡದ ಶಬ್ದ ತಡೆಯುವ ನಾಯ್ಸ್ ಗೇಟ್, ಕೊನೆಗೆ ಸದ್ದನ್ನು ಮಿಕ್ಸರ್‌ಗೆ ಕಳಿಸುವ ಒಂದು ಡಿಐ ಬಾಕ್ಸ್. ಕೇಸ್ ಸಮೇತ ಎತ್ತಿದರೆ ಬೇಸ್ ಗಿಟಾರ್‌ಗಿಂತ ಅದೇ ಭಾರ. ಮೂರು ವರ್ಷದ ಹಿಂದೆ ಅದನ್ನು ಬಿಚ್ಚಿಟ್ಟು ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ ತಗೊಂಡೆ. ಇದು ಪ್ರೀಆಂಪ್ ಪೆಡಲ್, ಅಂದರೆ ಸದ್ದು ಆಂಪ್‌ಗೋ ಮಿಕ್ಸರ್‌ಗೋ ಹೋಗುವ ಮೊದಲು ಅದನ್ನು ಹದ ಮಾಡುವ ಪೆಟ್ಟಿಗೆ. ಎರಡನೇ ಆವೃತ್ತಿಯದು. ಅವತ್ತಿನಿಂದ ಪ್ರಾಕ್ಟೀಸ್, ರೆಕಾರ್ಡಿಂಗ್, ಸ್ಟೇಜ್ ಎಲ್ಲ ಕಡೆ ಇದರಲ್ಲೇ ನುಡಿಸುತ್ತಿದ್ದೇನೆ.

ಬದಲಾಯಿಸಬೇಕು ಅನ್ನಿಸಿದ್ದು ಒಂದು ಕಾರ್ಯಕ್ರಮದಲ್ಲಿ. ಎರಡನೇ ಹಾಡಿನ ಮಧ್ಯೆ ನನ್ನ ಸದ್ದು ನಿಂತೇ ಹೋಯಿತು. ಡ್ರಮ್ಸ್ ನಡೀತಾ ಇದೆ, ಹಾಡು ನಡೀತಾ ಇದೆ, ಕೆಳಗೆ ಏನೂ ಇಲ್ಲ. ಮಂಡಿಯೂರಿ ಕೂತು ಎಂಟು ಕೇಬಲ್‌ಗಳನ್ನು ಒಂದೊಂದಾಗಿ ಅಲ್ಲಾಡಿಸಿದೆ. ಕೊನೆಗೆ ಸಿಕ್ಕಿದ್ದು ಈಕ್ಯೂಗೂ ಗೇಟಿಗೂ ನಡುವೆ ಇದ್ದ ಹೆಬ್ಬೆರಳುದ್ದದ ಪ್ಯಾಚ್ ಕೇಬಲ್. ಪ್ಲಗ್ಗಿನ ಒಳಗೆ ಬೆಸುಗೆ ಬಿಟ್ಟಿತ್ತು. ಅಷ್ಟರಲ್ಲಿ ಹಾಡು ಮುಗಿದಿತ್ತು. ಅದೇ ರಾತ್ರಿ ಸೌಂಡ್ ಇಂಜಿನಿಯರ್ ಇನ್ನೊಂದು ಮಾತು ಹೇಳಿದರು: "ಸರ್, ನಿಮ್ಮ ಸದ್ದು ಪ್ರತಿ ಹಾಡಿಗೂ ಬೇರೆ ಲೆವೆಲ್‌ನಲ್ಲಿ ಬರ್ತಿದೆ. ನಾನು ಫೇಡರ್ ಬಿಟ್ಟು ಕೈ ತೆಗೆಯೋಕೇ ಆಗ್ತಿಲ್ಲ." ಫೇಡರ್ ಅಂದರೆ ಮಿಕ್ಸರ್‌ನಲ್ಲಿ ಸದ್ದು ಏರಿಸಿ ಇಳಿಸುವ ಜಾರುಗುಂಡಿ.

ಕೇಬಲ್ ಸರಿ ಮಾಡಬಹುದು. ಈ ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಮನೆಗೆ ಬಂದು ಪೆಡಲ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಕೇಳಿದೆ. ನನ್ನ ಓವರ್‌ಡ್ರೈವ್ ಗಿಟಾರಿಗೆ ಮಾಡಿದ್ದು. ಅಂಥವು ಕೆಳಗಿನ ಸ್ವರಗಳನ್ನು ಬೇಕಂತಲೇ ಸೋಸಿಬಿಡುತ್ತವೆ, ಇಲ್ಲದಿದ್ದರೆ ಗಿಟಾರ್ ಗಡಸಾಗಿ ಕೇಳಿಸುವ ಬದಲು ಕೆಸರಿನಂತಾಗುತ್ತದೆ. ಬೇಸ್ ನುಡಿಸುವವನಿಗೆ ಬೇಕಾಗಿರುವುದೇ ಆ ಕೆಳಗಿನ ಸ್ವರ, ಅಲ್ವಾ? ಅದು ಹೋಯಿತು ಅಂತ ಈಕ್ಯೂ ಇಟ್ಟಿದ್ದೆ. ಈಕ್ಯೂನಲ್ಲಿ ಬೇಸ್ ಏರಿಸಿದರೆ ಕೆಲವು ಸ್ವರ ಉಬ್ಬುತ್ತಿತ್ತು, ಅದಕ್ಕೆ ಕಂಪ್ರೆಸರನ್ನು ಇನ್ನೂ ಬಿಗಿ ಮಾಡಿದ್ದೆ. ಬಿಗಿ ಮಾಡಿದಷ್ಟೂ ಹಿಸ್ ಶಬ್ದ ಮೇಲೆ ಬಂತು, ಅದಕ್ಕೆ ಗೇಟ್. ಒಂದು ಪೆಡಲ್ ಮಾಡಿದ ಹಾನಿಯನ್ನು ಮೂರು ಪೆಡಲ್ ಸೇರಿ ಮುಚ್ಚುತ್ತಿದ್ದವು. ನನಗೆ ನಿಜವಾಗಿ ಬೇಕಿದ್ದದ್ದು ಆ ಮೊದಲ ಹಾನಿಯನ್ನೇ ಮಾಡದ ಒಂದು ಪೆಡಲ್.

ಹಾಗಾಗಿ ಆಯ್ಕೆ ಮಾಡುವಾಗ ಮೊದಲು ನೋಡಿದ್ದು ಎರಡು ಸದ್ದುಗಳನ್ನು ಬೆರೆಸುವ ಬ್ಲೆಂಡ್ ನಾಬ್ ಇದೆಯಾ ಅಂತ. ತಂತಿಯಿಂದ ಬಂದ ಶುದ್ಧ ಸದ್ದು ಒಂದು ದಾರಿಯಲ್ಲಿ, ಡ್ರೈವ್ ಆದ ಸದ್ದು ಇನ್ನೊಂದು ದಾರಿಯಲ್ಲಿ ಹೋಗಿ ಕೊನೆಗೆ ಎರಡೂ ಕೂಡುತ್ತವೆ. ಮೇಲೆ ಎಷ್ಟೇ ಕರಕರ ಅಂದರೂ ಕೆಳಗಿನ ಸ್ವರ ಅಲುಗದೆ ನಿಲ್ಲುತ್ತದೆ. ಬೇಸ್ ಪ್ರೀಆಂಪ್‌ನಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ ಅಂತ ಈಗಲೂ ನಂಬಿದ್ದೇನೆ.

ಮೂರು ಪೆಡಲ್ ಪಕ್ಕಪಕ್ಕ ಇಟ್ಟು ನುಡಿಸಿ ನೋಡಿದೆ. ಎಂಎಕ್ಸ್‌ಆರ್ ಎಂ80ರಲ್ಲಿ ಕ್ಲೀನ್ ಚಾನೆಲ್ ಬೇರೆ, ಡಿಸ್ಟಾರ್ಷನ್ ಚಾನೆಲ್ ಬೇರೆ, ಗೇಟ್ ಕೂಡ ಒಳಗೇ ಇದೆ. ಒಂದೇ ಕಾರ್ಯಕ್ರಮದಲ್ಲಿ ಎರಡು ತರಹದ ಸದ್ದು ಬೇಕು ಅನ್ನುವವರು ಮೊದಲು ಅದನ್ನೇ ನುಡಿಸಿ ನೋಡಲಿ. ಡಾರ್ಕ್‌ಗ್ಲಾಸ್ ಬಿ7ಕೆ ಅಲ್ಟ್ರಾದಲ್ಲಿ ಮಿಡ್ ಅನ್ನೇ, ಅಂದರೆ ಮಧ್ಯದ ಸ್ವರಗಳ ಭಾಗವನ್ನೇ, ಕೆಳಗಿನದು, ಮೇಲಿನದು ಅಂತ ಎರಡು ಮಾಡಿದ್ದಾರೆ. ಕತ್ತರಿಸಿದಂಥ ಚೂಪಾದ ಸದ್ದು. ಹೆವಿ ಮೆಟಲ್ ನುಡಿಸುವವರು ಅದನ್ನು ಯಾಕೆ ಅಷ್ಟು ಹಚ್ಚಿಕೊಂಡಿದ್ದಾರೆ ಅಂತ ಎರಡು ನಿಮಿಷದಲ್ಲಿ ಗೊತ್ತಾಯಿತು. ನಾನು ಜಾಸ್ತಿ ನುಡಿಸುವುದು ಹಾಡುವವರ ಹಿಂದೆ. ನನಗೆ ಅಷ್ಟು ಹರಿತ ಬೇಡವಾಗಿತ್ತು. ಸ್ಯಾನ್ಸ್‌ಆಂಪ್‌ನಲ್ಲಿ ಹಳೆಯ ಟ್ಯೂಬ್ ಆಂಪ್‌ನ ದಪ್ಪ ಸದ್ದಿತ್ತು, ಬೆರಳು ಮೆಲ್ಲಗೆ ಇಟ್ಟರೆ ಮೆಲ್ಲಗೇ ಬರುತ್ತಿತ್ತು. ಅದಕ್ಕೇ ಮನಸ್ಸು ಒಪ್ಪಿತು.

ಹೋಲಿಸಿ ನೋಡುವವರಿಗೆ ಒಂದು ಮಾತು. ಮೂರರ ಲೆವೆಲ್ ಮೊದಲು ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವ ಪೆಡಲ್ ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ. ಅದರಲ್ಲೂ ಕೆಳಗಿನ ಸ್ವರಗಳ ವಿಷಯದಲ್ಲಿ ಕಿವಿ ಸುಲಭವಾಗಿ ಮೋಸ ಹೋಗುತ್ತದೆ. ಮೊದಲ ದಿನ ನಾನು ಹೀಗೇ ತಪ್ಪು ಪೆಡಲ್ ಹಿಡಿದು ಹೊರಟಿದ್ದೆ. ಇನ್ನೊಂದು, ಒಬ್ಬರೇ ಕೂತು ನುಡಿಸಿ ತೀರ್ಮಾನ ಮಾಡಬೇಡಿ. ಒಂಟಿಯಾಗಿ ಒರಟು ಅನ್ನಿಸುವ ಸದ್ದೇ ಡ್ರಮ್ಸ್, ಗಿಟಾರ್ ಜೊತೆ ಸರಿಯಾಗಿ ಕೂರುತ್ತದೆ. ಒಂಟಿಯಾಗಿ ಇಂಪಾಗಿದ್ದದ್ದು ಬ್ಯಾಂಡ್‌ನಲ್ಲಿ ಕಾಣೆಯಾಗುತ್ತದೆ.

ಈ ಪೆಡಲ್‌ನ ಮೊದಲ ಆವೃತ್ತಿಯಲ್ಲಿ ಮಿಡ್ ನಾಬ್ ಇರಲಿಲ್ಲ. ಎರಡನೆಯದರಲ್ಲಿ ಕೊಟ್ಟಿದ್ದಾರೆ. ಜೊತೆಗೆ ಎರಡು ಪುಟ್ಟ ಸ್ವಿಚ್ ಇವೆ, ನನಗಂತೂ ಅವೇ ಈ ಪೆಡಲ್‌ನ ಜೀವ. ಒಂದು ಮಿಡ್ ಅನ್ನು 500 ಅಥವಾ 1000 ಹರ್ಟ್ಸ್‌ಗೆ ಇಡುತ್ತದೆ. ಇನ್ನೊಂದು ಬೇಸ್ ನಾಬನ್ನು, ಅಂದರೆ ಕೆಳಗಿನ ಸ್ವರಗಳದ್ದನ್ನು, 40 ಅಥವಾ 80 ಹರ್ಟ್ಸ್‌ಗೆ ಇಡುತ್ತದೆ. ನಾಲ್ಕು ತಂತಿಯ ಬೇಸ್‌ನಲ್ಲಿ ಕೆಳಗಿನ ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್, ಅದರ ಮೇಲಿನ ಆಕ್ಟೇವ್ 82. ಮೊದಲ ಆರು ತಿಂಗಳು ನಾನು 40ರಲ್ಲೇ ನುಡಿಸಿದೆ. ಹೆಡ್‌ಫೋನ್‌ನಲ್ಲಿ ಸೊಗಸಾಗಿತ್ತು. ಸ್ಟೇಜ್ ಮೇಲೆ ನೆಲ ಗುಂಯ್‌ಗುಟ್ಟುತ್ತಿತ್ತು, ಯಾವ ಸ್ವರ ನುಡಿಸುತ್ತಿದ್ದೇನೆ ಅಂತ ನನಗೇ ಕೇಳಿಸುತ್ತಿರಲಿಲ್ಲ. 80ಕ್ಕೆ ಬದಲಾಯಿಸಿದ ದಿನ ಡ್ರಮ್ಮರ್ ತಿರುಗಿ ನೋಡಿ ತಲೆಯಾಡಿಸಿದ. ಕಿಕ್ ಡ್ರಮ್‌ಗೆ ಅದರ ಜಾಗ ಸಿಕ್ಕಿತ್ತು, ನನಗೆ ನನ್ನದು.

ಈಗ ನನ್ನ ಸೆಟ್ಟಿಂಗ್ ಹೀಗಿದೆ. ನಾಬನ್ನು ಗಡಿಯಾರದ ಮುಳ್ಳು ಅಂದುಕೊಂಡರೆ ಬ್ಲೆಂಡ್ ಎರಡು ಗಂಟೆಗೆ, ಡ್ರೈವ್ ಹತ್ತೂವರೆಗೆ, ಮೇಲಿನ ಹರಿತ ಹೆಚ್ಚಿಸುವ ಪ್ರೆಸೆನ್ಸ್ ಹತ್ತಕ್ಕೆ. ಬೇಸ್ 80ರಲ್ಲಿ, ಹನ್ನೆರಡು ದಾಟಿ ಒಂಚೂರು. ಮಿಡ್ 500ರಲ್ಲಿ, ಒಂದು ಗಂಟೆಗೆ. ಟ್ರೆಬಲ್ ಹನ್ನೆರಡಕ್ಕೆ, ಅಂದರೆ ಏರಿಸಿಯೂ ಇಲ್ಲ, ಇಳಿಸಿಯೂ ಇಲ್ಲ. ಬಿಳಿ ಪೆನ್ನಿನಿಂದ ಗುರುತು ಹಾಕಿದ್ದೇನೆ. ಮೂರು ವರ್ಷದಲ್ಲಿ ಡ್ರೈವ್ ಗುರುತಿನ ಹತ್ತಿರ ಇನ್ನೂ ಎರಡು ಗುರುತು ಬಿದ್ದಿವೆ, ಎರಡೂ ಮೊದಲಿನದಕ್ಕಿಂತ ಕಡಿಮೆ. ಬ್ಲೆಂಡ್ ಪೂರ್ತಿ ಇಳಿಸಿದರೆ ಡ್ರೈವ್ ಮತ್ತು ಪ್ರೆಸೆನ್ಸ್ ಕೆಲಸ ಮಾಡುವುದಿಲ್ಲ, ಉಳಿದ ನಾಬ್‌ಗಳು ಮಾಡುತ್ತವೆ. ಗೊತ್ತಿಲ್ಲದಿದ್ದರೆ ಪೆಡಲ್ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಆಂಪ್‌ಗೆ ಹಾಕುವಾಗ ಮುಂದಿನ ಇನ್‌ಪುಟ್‌ಗೆ ಹಾಕಿದರೆ ಪೆಡಲ್‌ನ ಪ್ರೀಆಂಪ್ ಮೇಲೆ ಆಂಪ್‌ನ ಪ್ರೀಆಂಪ್ ಕೂರುತ್ತದೆ. ಸದ್ದು ಮಂಕಾಗುತ್ತದೆ. ಹಿಂದೆ ಎಫೆಕ್ಟ್ಸ್ ರಿಟರ್ನ್ ಅಂತ ಇದ್ದರೆ ಅದಕ್ಕೆ ಹಾಕಿ, ಸದ್ದು ನೇರವಾಗಿ ಪವರ್ ಆಂಪ್‌ಗೆ ಹೋಗುತ್ತದೆ. ನಾನು ಈಗ ಹೆಚ್ಚಿನ ಕಡೆ ಆಂಪ್ ಇಲ್ಲದೆಯೇ ಎಕ್ಸ್‌ಎಲ್‌ಆರ್‌ನಿಂದ, ಅಂದರೆ ಮೈಕ್‌ಗೆ ಬಳಸುವಂಥ ಮೂರು ಪಿನ್ನಿನ ಔಟ್‌ಪುಟ್‌ನಿಂದ, ಸೀದಾ ಮಿಕ್ಸರ್‌ಗೆ ಕಳಿಸುತ್ತೇನೆ. ಇದು ಹೊಸದೇನಲ್ಲ. 1960ರ ದಶಕದಲ್ಲೇ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ ಬೇಸ್ ಹೀಗೆ ನೇರವಾಗಿ ಕನ್ಸೋಲ್‌ಗೆ, ಅಂದರೆ ಮಿಕ್ಸರ್‌ಗೆ, ಹೋಗುತ್ತಿತ್ತು. ಆ ಸದ್ದು ಕೇಳಿಯೇ ಅಲ್ವಾ ನಾವೆಲ್ಲ ಬೇಸ್ ಹಿಡಿದದ್ದು.

ಪವರ್ ವಿಷಯದಲ್ಲಿ ಇದು ನನ್ನ ಕೈ ಬಿಟ್ಟಿಲ್ಲ. 9 ವೋಲ್ಟ್ ಬ್ಯಾಟರಿ, ಅಡಾಪ್ಟರ್, ಅಥವಾ ಮಿಕ್ಸರ್‌ನಿಂದ ಅದೇ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಬರುವ 48 ವೋಲ್ಟ್ ಫ್ಯಾಂಟಮ್ ಪವರ್, ಮೂರರಲ್ಲೂ ನಡೆಯುತ್ತದೆ. ಫ್ಯಾಂಟಮ್ ನಂಬಿಕೊಂಡು ಹೋಗುವವರು ಒಂದು ವಿಷಯ ತಿಳಿದಿರಬೇಕು. ಆ ಕರೆಂಟ್ ವಾಪಸ್ ಹೋಗುವುದು ಎಕ್ಸ್‌ಎಲ್‌ಆರ್‌ನ ಒಂದನೇ ಪಿನ್ ಮೂಲಕ. ಗುಂಯ್ ಅನ್ನುವ ಹಮ್ ಬಂತು ಅಂತ ಗ್ರೌಂಡ್ ಲಿಫ್ಟ್ ಮಾಡಿದರೆ, ಅಂದರೆ ಆ ಪಿನ್ನಿನ ಗ್ರೌಂಡ್ ಸಂಪರ್ಕ ಬಿಡಿಸಿದರೆ, ಆ ದಾರಿಯೇ ಕತ್ತರಿಸಿ ಹೋಗುತ್ತದೆ. ಅದಕ್ಕೇ ನಾನು ಒಳಗೆ ಒಂದು ಹೊಸ ಬ್ಯಾಟರಿ ಇಟ್ಟೇ ಇರುತ್ತೇನೆ. ನುಡಿಸಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ, ಇಲ್ಲದಿದ್ದರೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತಾ ಇರುತ್ತದೆ.

ಏನು ಕಳೆದುಕೊಂಡೆ ಅಂತಲೂ ಹೇಳಬೇಕು. ಮ್ಯೂಟ್ ಇಲ್ಲ. ಪೆಡಲ್ ಆಫ್ ಮಾಡಿದರೂ ಎಕ್ಸ್‌ಎಲ್‌ಆರ್‌ನಿಂದ ಸದ್ದು ಹೋಗುತ್ತಲೇ ಇರುತ್ತದೆ, ಆಗ ಅದು ಮಾಮೂಲಿ ಡಿಐ. ಬಂದ ಸದ್ದನ್ನು ಹಾಗೇ ಹೊರಗೆ ಕೊಡುವ ಪ್ಯಾರಲಲ್ ಔಟ್‌ಪುಟ್‌ಗೆ ಟ್ಯೂನರ್ ಹಾಕಿ ನೋಡಿದೆ, ಶ್ರುತಿ ಮಾಡುವುದು ಎಲ್ಲರಿಗೂ ಕೇಳಿಸುತ್ತಿತ್ತು. ಹಾಗಾಗಿ ಟ್ಯೂನರ್ ಪೆಡಲ್ ಮತ್ತೆ ಮುಂದೆ ಬಂತು, ಅದನ್ನು ಒತ್ತಿದರೆ ಸದ್ದು ನಿಲ್ಲುತ್ತದೆ. ಫುಟ್‌ಸ್ವಿಚ್ ಒಂದೇ, ಸದ್ದೂ ಒಂದೇ. ಮೂರು ಸದ್ದು ನೆನಪಿಟ್ಟುಕೊಳ್ಳುವ ಪ್ರೋಗ್ರಾಮಬಲ್ ಮಾದರಿಯೂ ಇದೆ. ಆದರೆ ಲೆವೆಲ್ ಕುಣಿದಾಟದಿಂದ ತಪ್ಪಿಸಿಕೊಳ್ಳಬೇಕು ಅಂತಲೇ ಹೊರಟಿದ್ದರಿಂದ ಅದನ್ನು ತಗೊಳ್ಳಲಿಲ್ಲ.

ಕಂಪ್ರೆಸರ್ ಇಲ್ಲದ್ದು ಮೊದಲೆರಡು ತಿಂಗಳು ತುಂಬಾ ಕಾಡಿತು. ಡ್ರೈವ್ ಸ್ವಲ್ಪ ಮಟ್ಟಿಗೆ ಸದ್ದನ್ನು ಹಿಡಿದಿಡುತ್ತದೆ, ನಿಜ. ಆದರೆ ಸ್ಲ್ಯಾಪ್ ಮಾಡುವಾಗ, ಅಂದರೆ ತಂತಿಯನ್ನು ಹೆಬ್ಬೆರಳಿನಿಂದ ಹೊಡೆದು, ಬೆರಳಿನಿಂದ ಎಳೆದು ನುಡಿಸುವಾಗ, ಹೆಬ್ಬೆರಳಿನ ಪೆಟ್ಟು ಒಂದು ತೂಕ, ಎಳೆದ ತಂತಿ ಇನ್ನೊಂದು ತೂಕ. ತೋರುಬೆರಳಿಗಿಂತ ನನ್ನ ಮಧ್ಯದ ಬೆರಳು ಮೆತ್ತಗೆ ಬೀಳುತ್ತದೆ ಅನ್ನುವುದು ಇಷ್ಟು ವರ್ಷ ಕಂಪ್ರೆಸರ್ ಹಿಂದೆ ಅಡಗಿತ್ತು. ಮೆಟ್ರೋನೋಮ್ ಹಾಕಿಕೊಂಡು ಒಂದೇ ತಂತಿಯ ಮೇಲೆ ದಿನಾ ಕಾಲು ಗಂಟೆ ಕೂತೆ. ಈಗ ಪರವಾಗಿಲ್ಲ. ಸ್ಲ್ಯಾಪ್ ಜಾಸ್ತಿ ನುಡಿಸುವವರಾದರೆ ಕಂಪ್ರೆಸರ್ ಉಳಿಸಿಕೊಳ್ಳಿ.

ಆಕ್ಟೇವ್ ಪೆಡಲ್ ಮಾರಲಿಲ್ಲ. ಎರಡು ಹಾಡಿಗೆ ಅದು ಬೇಕೇ ಬೇಕು. ಅವು ಪಟ್ಟಿಯಲ್ಲಿದ್ದ ದಿನ ಬ್ಯಾಗಿನ ಜೇಬಿನಲ್ಲಿ ಹಾಕಿಕೊಂಡು ಹೋಗುತ್ತೇನೆ, ಟ್ಯೂನರ್ ಆದ ಮೇಲೆ ಕೂರುತ್ತದೆ. ಉಳಿದ ದಿನ ನೆಲದ ಮೇಲೆ ಎರಡೇ ಪೆಡಲ್, ಮೂರು ಕೇಬಲ್.

ಹೋದ ತಿಂಗಳು ಅದೇ ಸೌಂಡ್ ಇಂಜಿನಿಯರ್ ಮತ್ತೆ ಸಿಕ್ಕಿದ್ದರು. ಸೌಂಡ್ ಚೆಕ್‌ನಲ್ಲಿ ನಾಲ್ಕು ತಂತಿ ಮೆಲ್ಲಗೆ ನುಡಿಸಿದೆ, ಆಮೇಲೆ ಜೋರಾಗಿ. ಫೇಡರ್ ಒಂದು ಸಲ ಏರಿಸಿದರು, ಕೈ ತೆಗೆದರು, "ಬೇಸ್ ಆಯ್ತು ಸರ್, ಕೀಬೋರ್ಡ್ ಬನ್ನಿ" ಅಂದರು.