ನಾಲ್ಕು ವರ್ಷ ಬಳಸಿದ ಕಾರ್ ಸ್ಟೀರಿಯೊ: ಸದ್ದು ನಿಂತದ್ದು, ಮತ್ತೆ ಬಂದದ್ದು

ತುಳುನಾಡಿನ ಮಳೆಗಾಲದ ಆಟಿ ತಿಂಗಳ ಒಂದು ಬೆಳಿಗ್ಗೆ. ಪಡುಬಿದ್ರಿ ದಾಟಿ ಹೆಜಮಾಡಿ ಟೋಲ್ ಹತ್ತಿರ ಬಂದಿದ್ದೆ. ಪೆನ್‌ಡ್ರೈವ್‌ನಲ್ಲಿ ತಾಳಮದ್ದಳೆ, ಅಂದರೆ ವೇಷ ಕಟ್ಟದೆ ಕೂತು ಹೇಳುವ ಯಕ್ಷಗಾನ, ಓಡುತ್ತಿತ್ತು. ಕೃಷ್ಣನ ಮಾತು ಮುಗಿದು ಕೌರವ ಬಾಯಿ ತೆರೆಯಬೇಕು, ಅಷ್ಟರಲ್ಲಿ ಸದ್ದು ನಿಂತಿತು. ಡಿಸ್‌ಪ್ಲೇಯಲ್ಲಿ ಸೆಕೆಂಡುಗಳು ಓಡುತ್ತಲೇ ಇದ್ದವು. ವಾಲ್ಯೂಮ್ 18 ಅಂತ ತೋರಿಸುತ್ತಿತ್ತು. ನಾಲ್ಕು ಸ್ಪೀಕರಿನಲ್ಲಿ ಒಂದರಿಂದಲೂ ಉಸಿರಿಲ್ಲ.

ಸೆಟ್ ತೆಗೆದುಕೊಂಡದ್ದು 2021ರಲ್ಲಿ, ಮಂಗಳೂರಿನ ಒಂದು ಅಂಗಡಿಯಲ್ಲಿ. ಸ್ಪೀಕರ್, ಫಿಟ್ಟಿಂಗ್ ಎಲ್ಲ ಸೇರಿ ಹತ್ತು ಸಾವಿರದ ಒಳಗೆ ಮುಗಿಯಬೇಕಿತ್ತು, ಮುಗಿಯಿತು. ಕಂಪನಿಯ ಹೆಸರು ಇಲ್ಲಿ ಬೇಡ. ಟಚ್‌ಸ್ಕ್ರೀನ್ ಇಲ್ಲದ, ಗುಂಡಿ ತಿರುಗಿಸುವ ಹಳೇ ಮಾದರಿಯ ಸೆಟ್ ಅಂದರೆ ಸಾಕು. ನಾನು ಅದನ್ನು ಆರಿಸಿದ್ದೇ ಆ ಗುಂಡಿಗಾಗಿ.

ವಾರಕ್ಕೆ ಆರು ದಿನ ಉಡುಪಿಯಿಂದ ಮಂಗಳೂರಿಗೆ ಹೋಗಿ ಬರುತ್ತೇನೆ. ಬೆಳಿಗ್ಗೆ 6:40ಕ್ಕೆ ಕಾರು ಹತ್ತಿ, ಬಾಗಿಲು ಹಾಕಿ, ಕೀ ತಿರುಗಿಸಿದರೆ ಗುಂಡಿಯ ಸುತ್ತ ಕೇಸರಿ ಬೆಳಕು ಬರುತ್ತದೆ. ಓಣಿಯಲ್ಲಿ ವಾಲ್ಯೂಮ್ 9. ಅಕ್ಕಪಕ್ಕದವರು ಆಗಿನ್ನೂ ಏಳುವ ಹೊತ್ತು. ಉದ್ಯಾವರ ಸೇತುವೆ ಬಂದಾಗ 14. ಕಟಪಾಡಿ ದಾಟಿದ ಮೇಲೆ 18. ಮಳೆ ಜೋರಾಗಿ ಕಾರಿನ ತಲೆ ಮೇಲೆ ಬಡಿಯತೊಡಗಿದರೆ 22. ಒಂದೊಂದು ಅಂಕಿಗೂ ಬೆರಳಿಗೆ ಒಂದು ಸಣ್ಣ ಟಿಕ್ ಗೊತ್ತಾಗುತ್ತದೆ. ರಸ್ತೆಯಿಂದ ಕಣ್ಣು ತೆಗೆಯದೆ ಎಣಿಸಬಹುದು. ಹೆದ್ದಾರಿಯಲ್ಲಿ ಮುಂದೆ ಲಾರಿ, ಹಿಂದೆ ಎಕ್ಸ್‌ಪ್ರೆಸ್ ಬಸ್ಸು ಇರುವಾಗ ಇದು ಎಷ್ಟು ದೊಡ್ಡ ಅನುಕೂಲ ಅಂತ ದಿನಾ ಓಡಿಸುವವರಿಗೆ ಗೊತ್ತು. ಸಂಜೆ ಕೂಳೂರು ಸೇತುವೆ ಹತ್ತಿರ ಗಾಡಿಗಳು ನಿಂತುಬಿಟ್ಟರೆ ಮಂಗಳೂರು ಆಕಾಶವಾಣಿ ಹಾಕುತ್ತೇನೆ. ನಾಲ್ಕು ವರ್ಷ ಹೀಗೇ ನಡೆದಿತ್ತು.

ಸದ್ದು ನಿಂತ ದಿನ ಹೆಜಮಾಡಿಯಲ್ಲೇ ಬದಿಗೆ ನಿಲ್ಲಿಸಿ ನನಗೆ ತಿಳಿದಷ್ಟು ನೋಡಿದೆ. ಮ್ಯೂಟ್ ಆಗಿಲ್ಲ. ಸದ್ದನ್ನು ಹಿಂದೆ ಮುಂದೆ ಹಂಚುವ ಫೇಡರ್ ಮಧ್ಯದಲ್ಲೇ ಇದೆ. ರೇಡಿಯೊ ಹಾಕಿದರೂ ಇಲ್ಲ, ಬ್ಲೂಟೂತ್‌ನಲ್ಲೂ ಇಲ್ಲ. ಹಾಗಾದರೆ ಪೆನ್‌ಡ್ರೈವ್‌ದು ತಪ್ಪಲ್ಲ. ಡಿಸ್‌ಪ್ಲೇ ಉರಿಯುತ್ತಿದೆ ಅಂದರೆ ಹಿಂಬದಿಯ ಫ್ಯೂಸ್ ಕೂಡ ಸರಿ ಇದೆ. ಪಿನ್ನಿನಿಂದ ರೀಸೆಟ್ ಒತ್ತಿದೆ. ಸೇವ್ ಮಾಡಿದ್ದ ಸ್ಟೇಷನ್‌ಗಳು ಅಳಿಸಿ ಹೋದವು ಅಷ್ಟೇ.

ಅಂಗಡಿಯವರು ಸ್ಕ್ರೂಡ್ರೈವರ್ ಕೂಡ ಕೈಗೆ ತೆಗೆದುಕೊಳ್ಳಲಿಲ್ಲ. "ಸ್ಪೀಕರಿಗೆ ಸದ್ದು ಕೊಡುವ ಐಸಿ ಚಿಪ್ ಹೋಗಿದೆ ಸರ್, ರಿಪೇರಿ ಮಾಡಿ ಪ್ರಯೋಜನ ಇಲ್ಲ. ಒಂಬತ್ತು ಇಂಚಿನ ಆಂಡ್ರಾಯ್ಡ್ ಹಾಕಿಸಿ, ಹನ್ನೆರಡು ಸಾವಿರ" ಅಂದರು. ನನಗೆ ತುಂಬಾ ಬೇಸರವಾಯಿತು. ಆ ಇಡೀ ವಾರ ವೈಪರ್ ಸದ್ದು ಕೇಳಿಕೊಂಡೇ ಓಡಾಡಿದೆ. ಒಂದೇ ಸ್ಟಾರ್ ಕೊಟ್ಟು ಖಾರವಾಗಿ ಬರೆಯಬೇಕು ಅಂತ ಮನಸ್ಸಿನಲ್ಲೇ ವಾಕ್ಯ ಜೋಡಿಸಿಯೂ ಆಗಿತ್ತು.

ನಮ್ಮ ಪಕ್ಕದ ಮನೆಯ ಅಣ್ಣನದು ಮೈಕ್‌ಸೆಟ್ ಕೆಲಸ. ಆಟಿಯಲ್ಲಿ ಮದುವೆ ಇಲ್ಲ, ಯಕ್ಷಗಾನ ಮೇಳಗಳ ತಿರುಗಾಟವೂ ಇಲ್ಲ. ಹಾಗಾಗಿ ಮನೆಯಲ್ಲೇ ಇದ್ದರು. ವಿಷಯ ಹೇಳಿದ ಕೂಡಲೇ "ನಾಲ್ಕೂ ಒಟ್ಟಿಗೆ ಹೋಯ್ತಾ? ಹಾಗಾದ್ರೆ ಸ್ಪೀಕರ್ ಅಲ್ಲ ಮಾರಾಯ್ರೆ. ಎಲ್ಲೋ ವಯರ್ ಅರ್ತ್ ಆಗ್ತಾ ಉಂಟು" ಅಂದರು. ಅಂದರೆ ಕಾರಿನ ತಗಡಿಗೆ ತಾಗುತ್ತಿದೆ ಅಂತ. ಭಾನುವಾರ ಮಲ್ಟಿಮೀಟರ್ ಹಿಡಿದು ಬಂದರು. ನಮ್ಮ ಗೋಡೆ ಗಡಿಯಾರದಿಂದ ಒಂದು ಸೆಲ್ ಬಿಚ್ಚಿಕೊಂಡರು.

ಸೆಟ್ ಹೊರಗೆಳೆದು, ಮೊದಲು ಸ್ಪೀಕರಿನ ಸಾಕೆಟ್ ಬಿಚ್ಚಿದರು. ಸೆಟ್‌ಗೆ ಸಿಕ್ಕಿಸಿ ಇಟ್ಟು ಈ ಪರೀಕ್ಷೆ ಮಾಡಲೇಬಾರದಂತೆ. ಆಮೇಲೆ ಒಂದೂವರೆ ವೋಲ್ಟಿನ ಆ ಸೆಲ್ಲನ್ನು ಒಂದೊಂದು ಜೋಡಿ ವಯರಿಗೆ ಕ್ಷಣ ಮಾತ್ರ ಮುಟ್ಟಿಸಿದರು. ಮುಂದಿನ ಎಡ ಬಾಗಿಲಿನಿಂದ 'ಟಪ್'. ಹಿಂದಿನಿಂದ 'ಟಪ್', 'ಟಪ್'. ನನ್ನ ಬದಿಯ ಬಾಗಿಲಿನಿಂದಲೂ 'ಟಪ್'. ಸ್ಪೀಕರ್ ನಾಲ್ಕೂ ಜೀವಂತ! ಮೀಟರಿನಲ್ಲೂ ಎಲ್ಲ ಜೋಡಿ ನಾಲ್ಕು ಓಮ್‌ಗೆ ತುಸು ಕಡಿಮೆ ತೋರಿಸಿದವು. ನಾಲ್ಕು ಓಮ್‌ನ ಸ್ಪೀಕರಿಗೆ ಅದು ಸರಿಯಾದ ಲೆಕ್ಕ.

ಇನ್ನು ಕೊನೆಯ ಪರೀಕ್ಷೆ. ಮೀಟರಿನ ಒಂದು ಕಡ್ಡಿ ಸ್ಪೀಕರ್ ವಯರಿಗೆ, ಇನ್ನೊಂದು ಕಾರಿನ ತಗಡಿಗೆ. ಮೂರು ಜೋಡಿಗೆ ಏನೂ ಇಲ್ಲ. ಬೂದು ಬಣ್ಣದ ವಯರಿಗೆ ಮುಟ್ಟಿಸಿದಾಗ ಮೀಟರ್ ಬೀಪ್ ಅಂತ ಕೂಗಿತು, ಅಂದರೆ ಆ ವಯರ್ ತಗಡಿಗೆ ತಾಗುತ್ತಿದೆ. ಅದು ಮುಂದಿನ ಬಲಗಡೆಯ ವಯರ್, ಅಂದರೆ ಡ್ರೈವರ್ ಬಾಗಿಲಿನದು. ಅಣ್ಣ ಬಾಗಿಲು ತೆರೆದರು, ಬೀಪ್ ನಿಂತಿತು. ಹಾಕಿದರು, ಮತ್ತೆ ಬೀಪ್. ನಾನು ಬಾಗಿಲು ಹಾಕಿದ ಮೇಲೆಯೇ ಸೆಟ್ ಆನ್ ಮಾಡುವುದು, ಹಾಗಾಗಿ ಒಂದು ವಾರ ನನಗೆ ಸುಳಿವೇ ಸಿಕ್ಕಿರಲಿಲ್ಲ.

ಬಾಗಿಲಿಗೂ ಬಾಡಿಗೂ ನಡುವೆ ಒಂದು ಕಪ್ಪು ರಬ್ಬರ್ ಕೊಳವೆ ಇರುತ್ತದಲ್ವಾ, ವಯರ್‌ಗಳು ಅದರ ಒಳಗಿನಿಂದ ಹೋಗಬೇಕು. ಫಿಟ್ಟಿಂಗ್ ಮಾಡಿದವರು ಹೊಸ ವಯರನ್ನು ಹೊರಗಿನಿಂದಲೇ ಎಳೆದು ಬಿಟ್ಟಿದ್ದಾರೆ. ನಾಲ್ಕು ವರ್ಷ ಅದು ಹಿಂಜಿನ ಹತ್ತಿರ ಚಿವುಟಿಸಿಕೊಂಡು, ಸಿಪ್ಪೆ ಸುಲಿದು, ಒಳಗಿನ ತಾಮ್ರ ಹೊರಗೆ ಬಂದಿತ್ತು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಹಸಿರು ಕಿಲುಬು ಬೇರೆ.

ಒಂದು ಬಾಗಿಲಿನ ವಯರಿಗೆ ನಾಲ್ಕೂ ಸ್ಪೀಕರ್ ಯಾಕೆ ನಿಲ್ಲಬೇಕು? ಅಣ್ಣ ಬಿಡಿಸಿ ಹೇಳಿದರು. ಇಂಥ ಸೆಟ್ಟಿನಲ್ಲಿ ಸ್ಪೀಕರಿಗೆ ಹೋಗುವ ಎರಡು ವಯರಿನಲ್ಲಿ ಯಾವುದೂ ಅರ್ತ್ ಅಲ್ಲ. ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು, ಸುಮಾರು 6 ವೋಲ್ಟ್ ಇರುತ್ತದೆ. ಒಂದು ತಗಡಿಗೆ ತಾಗಿದರೂ ಕರೆಂಟ್ ಒಮ್ಮೆಲೇ ನುಗ್ಗಿ ಐಸಿ ಸುಟ್ಟು ಹೋಗಬಹುದು. ಹಾಗೆ ಆಗದಿರಲೆಂದು ಐಸಿ ತಾನೇ ಎಲ್ಲ ಸದ್ದು ಬಂದ್ ಮಾಡಿಕೊಳ್ಳುತ್ತದೆ. ನಾನು ಒಂದು ವಾರ ಬೈದ ಸೆಟ್ ಕೆಟ್ಟೇ ಇರಲಿಲ್ಲ.

ಆದರೂ ಒಂದು ಸಿಟ್ಟು ನನ್ನಲ್ಲಿ ಉಳಿದಿದೆ. ಕೆಲವು ಸೆಟ್‌ಗಳು ಹೀಗಾದಾಗ 'ಪ್ರೊಟೆಕ್ಟ್' ಅಂತ ತೋರಿಸುತ್ತವೆ. ಇದು ಏನೂ ಹೇಳಲಿಲ್ಲ, ಸುಮ್ನೆ ಹಾಡಿನ ಹೆಸರು ತೋರಿಸುತ್ತಾ ಕೂತಿತ್ತು. ಆ ಒಂದು ಪದ ಬಂದಿದ್ದರೆ ಅಂಗಡಿಯವರ ಮಾತಿಗೆ ನಾನು ಅಲ್ಲೇ ಉತ್ತರ ಕೊಡಬಹುದಿತ್ತು. ಅದಕ್ಕಾಗಿ ಒಂದು ಸ್ಟಾರ್ ಕಡಿಮೆ. ಮಧ್ಯಾಹ್ನದ ಬಿಸಿಲಿಗೆ ಡಿಸ್‌ಪ್ಲೇ ಕಾಣುವುದಿಲ್ಲ, ಮಳೆಯಲ್ಲಿ ಫೋನ್ ಮಾಡಿದರೆ ಆಚೆಯವರಿಗೆ ನಮ್ಮ ಮಾತು ಕೇಳುವುದಿಲ್ಲ. ಇವಕ್ಕೆ ಇನ್ನರ್ಧ ಸ್ಟಾರ್ ಕಡಿಮೆ. ಬೇಸ್ ಎದೆಗೆ ಬಡಿಯಬೇಕು ಅನ್ನುವವರಿಗೆ ಈ ಸೆಟ್ ಸಾಲದು. ನನ್ನ ಹಾಗೆ ಮಾತು, ಭಾಗವತಿಕೆ, ವಾರ್ತೆ ಕೇಳುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಚೆಂಡೆ ಏರಿದಾಗಲೂ ಪಾತ್ರದ ಮಾತು ಆಡುವ ಅರ್ಥಧಾರಿಯ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ.

ಖರ್ಚಾದದ್ದು ಒಂದು ಮಾರು ವಯರ್, ಸ್ವಲ್ಪ ಸ್ಲೀವ್. ನೂರು ರೂಪಾಯಿಯೂ ಆಗಲಿಲ್ಲ. ಅಣ್ಣ ಬೆಸುಗೆ ಹಾಕಿ, ಈ ಸಲ ರಬ್ಬರಿನ ಒಳಗಿನಿಂದಲೇ ವಯರ್ ತೂರಿಸಿದರು. ದುಡ್ಡು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಎಡಬದಿಯ ಬಾಗಿಲನ್ನೂ ತೆರೆದು ನೋಡಿದೆವು. ಅಲ್ಲೂ ಹೊರಗಿನಿಂದಲೇ ಎಳೆದಿದ್ದಾರೆ, ಸಿಪ್ಪೆ ಇನ್ನೂ ಹೋಗಿಲ್ಲ. ಮುಂದಿನ ಭಾನುವಾರ ಅದನ್ನೂ ಬಿಚ್ಚುತ್ತೇವೆ.